ಭಂಗಾರದಾಗ ಬಂಗಾರ ಅದ, ಸುಮ್ಮನ ತೂಕಕ್ಕ ಹಾಕಬ್ಯಾಡ್ರಿ!

ಗುಜರಿ ಸಾಮಾನಿಗೆ ಈ ಭಾಗದ ಮಂದಿ ‘ಭಂಗಾರ’ ಅಂತಾರೆ. ಬರೆಯುವಾಗ ‘ಬ’ ಅಕ್ಷರಕ್ಕೆ ಒಂದು ಸೀಳು ಹೆಚ್ಚು ಬಿದ್ದರೆ ಸಾಕು, ಬಂಗಾರ ಹೋಗಿ ಭಂಗಾರ ಆಗುತ್ತದೆ. ಆಡುವ ಮಾತಿನಲ್ಲಂತೂ ಆ ಸೀಳೂ ಅಷ್ಟಾಗಿ ಕೇಳಿಸುವುದಿಲ್ಲ. ಯಾದಗಿರಿಯ ಚಿತ್ತಾಪುರ ರಸ್ತೆಯಲ್ಲಾಗಲಿ, ಶಹಾಪುರದ ಹೆದ್ದಾರಿ ಬದಿಗಾಗಲಿ, ಸುರಪುರ–ರಂಗಂಪೇಟೆಯ ನಡುವಿನ ದಾರಿಯಲ್ಲಾಗಲಿ, ಒಂದು ಹಳೆಯ ಗ್ಯಾರೇಜು ಬಾಗಿಲು ಹಾಕುವ ದಿನ ಬಂತೆಂದರೆ ಈ ಎರಡು ಶಬ್ದಗಳ ನಡುವೆ ಎಷ್ಟು ಸಾವಿರ ರೂಪಾಯಿಗಳ ಅಂತರವಿದೆ ಎಂಬುದು ತಿಳಿಯುತ್ತದೆ. ತಿಳಿಯುವುದು ಮಾತ್ರ ಸಾಮಾನೆಲ್ಲ ಟೆಂಪೋ ಹತ್ತಿ ಹೋದ ಮೇಲೆ!

ಸಂಗತಿ ನಡೆಯುವುದು ಹೀಗೆ. ಮೂವತ್ತು, ನಲವತ್ತು ವರ್ಷ ಜೀಪು, ಅಂಬಾಸಿಡರ್ ಬಿಚ್ಚಿ ಕಟ್ಟಿದ ಮಿಸ್ತ್ರಿಗೆ ವಯಸ್ಸಾಗುತ್ತದೆ. ಮೊಣಕಾಲು ಹಿಡಿದಿರುತ್ತವೆ, ಗಾಡಿಯ ಕೆಳಗೆ ಮಲಗಿದರೆ ಏಳಲು ಯಾರಾದರೂ ಕೈ ಕೊಡಬೇಕು. ಮಗ ಬೆಂಗಳೂರಿನಲ್ಲೋ ಪುಣೆಯಲ್ಲೋ ಕೆಲಸ ಹಿಡಿದಿರುತ್ತಾನೆ, ಎಣ್ಣೆ ಕೈ ಅವನಿಗೆ ಬೇಡ. ಜಾಗದ ಮಾಲೀಕರು “ಮಳಿಗಿ ಕಟ್ಟಸ್ತೀವಿ, ಬರೂ ಅಮಾಸಿ ಒಳಗ ಖಾಲಿ ಮಾಡ್ರಿ” ಎಂದು ಗಡುವು ಕೊಟ್ಟಿರುತ್ತಾರೆ. ಒಳಗೆ ನೋಡಿದರೆ ಕಾಲಿಡಲು ಜಾಗವಿಲ್ಲ. ಗೇರ್‌ಬಾಕ್ಸು, ಹೌಸಿಂಗು, ಕಮಾನ್ ಪಾಟಾ, ರೇಡಿಯೇಟರು, ಹಳೆ ಬಾಗಿಲು, ಒಡೆದ ಹೆಡ್‌ಲೈಟು, ಡಾಲ್ಡಾ ಡಬ್ಬಿಗಳ ತುಂಬ ನಟ್ಟು-ಬೋಲ್ಟು. ಆ ಹೊತ್ತಿಗೆ ಸರಿಯಾಗಿ ಭಂಗಾರದ ವ್ಯಾಪಾರಿ ಬರುತ್ತಾನೆ. ಅವನಿಗೆ ಸುದ್ದಿ ಹೇಗೆ ಮುಟ್ಟುತ್ತದೋ, ದೇವರಿಗೇ ಗೊತ್ತು.

“ಮಿಸ್ತ್ರಿ, ಎಲ್ಲಾ ಸೇರಿಸಿ ಒಂದ್ ಮಾತ್ ಹೇಳಿಬಿಡ್ರಿ.”

“ನೀವೇ ಹೇಳ್ರಿ ಸೇಠ್.”

“ಹೇಳೂದೇನದ, ಕಬ್ಬಣದ ರೇಟ್ ನಿಮಗೂ ಗೊತ್ತದ. ಕಾಂಟಾ ತಂದೀನಿ, ನಾಕ್ ಮಂದಿ ಹಮಾಲರನ್ನ ತಂದೀನಿ. ಸಂಜಿ ಒಳಗ ಜಾಗ ಬಯಲ ಮಾಡಿ ಕೊಡ್ತೀನಿ.”

ಮಾರುವವನನ್ನು ಕೆಡವುವುದು ಈ ಕೊನೆಯ ಮಾತು. ಸಂಜೆಯೊಳಗೆ ಜಾಗ ಬಯಲು! ಮನೆಯವರಿಗೆ ಅದು ಹಬ್ಬದ ಮಾತಿನಂತೆ ಕೇಳಿಸುತ್ತದೆ. “ಕೊಟ್ಟು ಬಿಡ್ರಿ ಅತ್ಲಾಗ, ಹೊಲಸು ಹೋಗ್ಲಿ” ಎನ್ನುತ್ತಾರೆ. ಮಿಸ್ತ್ರಿ ಬಾಯಿ ಬಿಡುವುದಿಲ್ಲ. ಯಾವ ಮೂಲೆಯಲ್ಲಿ ಯಾವ ಸಾಮಾನಿದೆ, ಯಾವುದು ಇನ್ನೂ ಹತ್ತು ವರ್ಷ ಓಡುತ್ತದೆ ಎಂಬುದು ಅವನೊಬ್ಬನಿಗೇ ಗೊತ್ತು. ಆದರೆ ಅದನ್ನೆಲ್ಲ ಆತ ಯಾವ ಕಾಗದದ ಮೇಲೂ ಬರೆದಿಟ್ಟಿಲ್ಲ.

ಲೆಕ್ಕ ಹಾಕಿ ನೋಡಿ. ಜೀಪಿನ ಸೆಲ್ಫ್ ಸ್ಟಾರ್ಟರ್ ಒಂದು ಹೆಚ್ಚು ಕಡಿಮೆ ಎಂಟು ಕಿಲೋ ತೂಗುತ್ತದೆ ಎಂದಿಟ್ಟುಕೊಳ್ಳಿ. ಕಬ್ಬಿಣದ ಭಾವ ಕಿಲೋಗೆ 30 ರೂಪಾಯಿ ಎಂದು ಹಿಡಿದರೆ 240 ರೂಪಾಯಿ ಆಯಿತು. ಅದೇ ಸೆಲ್ಫ್ ಚಾಲೂ ಇದ್ದರೆ? ಅಂಥದ್ದೊಂದು ಬೇಕಾದ ಜೀಪಿನ ಮಾಲೀಕ ಹೈದರಾಬಾದಿನ ರಾಣಿಗಂಜಕ್ಕೋ, ಬೆಂಗಳೂರಿನ ಶಿವಾಜಿನಗರದ ಗುಜರಿಗೋ ಹೋಗಿ ಹುಡುಕಬೇಕು. ಹೋಗಿ ಬರುವ ಚಾರ್ಜು, ಊಟ, ಒಂದು ದಿನದ ದುಡಿಮೆ ಇಷ್ಟನ್ನೇ ಕೂಡಿಸಿದರೂ 240 ದಾಟಿ ಹೋಗುತ್ತದೆ. ಸಾಮಾನಿನ ಬೆಲೆ ಬೇರೆ. ಅದು ಮಗ್ಗುಲ ಊರಿನಲ್ಲೇ ಸಿಗುವಂತಿದ್ದರೆ ಆತ ಸಂತೋಷದಿಂದ ಕೊಡುವ ಹಣವೇ ಬೇರೆ. ಅಂಥ ನಲವತ್ತು, ಐವತ್ತು ಸಾಮಾನು ಒಂದು ಗ್ಯಾರೇಜಿನಲ್ಲಿದ್ದರೆ ಎಷ್ಟಾಯಿತು ಎಂಬುದನ್ನು ಓದುಗರೇ ಗುಣಿಸಿಕೊಳ್ಳಲಿ.

ನೌಕರಿ ಮಾಡಿದವರಿಗೆ ಪಿ.ಎಫ್. ಇದೆ, ಪಿಂಚಣಿ ಇದೆ. ಮಿಸ್ತ್ರಿಗೆ ಏನಿದೆ? ಅಸಂಘಟಿತ ಕಾರ್ಮಿಕರಿಗಾಗಿ ರಾಜ್ಯ ಸರ್ಕಾರ ಮಾಡಿದ ‘ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ’ದ ಪಟ್ಟಿಯಲ್ಲಿ ಹಮಾಲರು, ಟೈಲರುಗಳು, ಕಮ್ಮಾರರು, ಚಿಂದಿ ಆಯುವವರ ಜೊತೆಗೆ ಮೆಕ್ಯಾನಿಕ್‌ಗಳ ಹೆಸರೂ ಇದೆ, ನಿಜ. ಆದರೆ ಮುಪ್ಪಿನಲ್ಲಿ ಕೈಗೆ ಬರುವ ಇಡಿಗಂಟು ಎಂದರೆ ಈ ರಾಶಿಯೇ. ಅದನ್ನು ಒಂದೇ ಮಧ್ಯಾಹ್ನದಲ್ಲಿ ಕಬ್ಬಿಣದ ಭಾವಕ್ಕೆ ತೂಗಿಬಿಡುವುದೆಂದರೆ ಪಿ.ಎಫ್. ಹಣವನ್ನು ಚಿಲ್ಲರೆಗೆ ಮಾರಿದ ಹಾಗೆ.

ರಾಶಿ ಬೆಳೆದ ಬಗೆ

ಈ ರಾಶಿಗಳು ಸುಮ್ಮನೆ ಬೆಳೆದವಲ್ಲ. ಮೇಲಿನಿಂದ ಒಂದೊಂದೇ ತೆಗೆಯುತ್ತಾ ಹೋದರೆ ಈ ಮೂರೂ ತಾಲ್ಲೂಕುಗಳ ಐವತ್ತು ವರ್ಷಗಳ ಚರಿತ್ರೆ ಪದರು ಪದರಾಗಿ ಸಿಗುತ್ತದೆ.

ಅಡಿಯಲ್ಲಿ ಜೀಪು. ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ. ನಾರಾಯಣಪುರದ ಆಣೆಕಟ್ಟು 1982ರ ಹೊತ್ತಿಗೆ ನಿಂತಿತು. ಆಣೆಕಟ್ಟು ಕಟ್ಟುವ ಕೆಲಸ, ಎಡದಂಡೆ ಕಾಲುವೆ ಅಗೆಯುವ ಕೆಲಸ, ಶಹಾಪುರದ ಮಗ್ಗುಲಿಗೆ ಭೀಮರಾಯನಗುಡಿಯಲ್ಲಿ ಯೋಜನೆಯ ಕ್ಯಾಂಪು. ಇಂಜಿನಿಯರುಗಳಿಗೆ ಜೀಪು, ಗುತ್ತೇದಾರರಿಗೆ ಜೀಪು. ಎರೆಭೂಮಿಯ ಕೆಸರಿನಲ್ಲಿ ಬೇರೆ ಗಾಡಿ ನಡೆಯಬೇಕಲ್ಲ! ವಿಲ್ಲಿಸ್ ಜೀಪನ್ನು ಮಹೀಂದ್ರಾದವರು ಮುಂಬಯಿಯಲ್ಲಿ ಜೋಡಿಸಲು ತೊಡಗಿದ್ದು 1940ರ ದಶಕದ ಕೊನೆಗೆ. ಎತ್ತರ ಬಾನೆಟ್ಟಿನ ಆ ಜೀಪು ಇಲ್ಲಿನ ಕಾಲುವೆ ದಂಡೆಗಳ ಮೇಲೆ ಓಡಿ ಓಡಿ ಹಣ್ಣಾಗಿ, ಹರಾಜಿಗೆ ಬಂದು, ಊರ ಗೌಡರ ಕೈ ಸೇರಿ, ಕಡೆಗೆ ಬಾಡಿಗೆ ಗಾಡಿಯಾಗಿ ಹತ್ತಾರು ಮಂದಿಯನ್ನು ಹೊತ್ತು, ಗ್ಯಾರೇಜಿನ ಮೂಲೆ ಸೇರಿತು.

ಅದರ ಮೇಲಿನ ಪದರು ಅಂಬಾಸಿಡರ್ ಮತ್ತು ಫಿಯೆಟ್ಟಿನದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಅಚ್ಚಿನಲ್ಲೇ ಕಲಕತ್ತೆಯ ಹತ್ತಿರದ ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟರ್ಸ್‌ನವರು 1950ರ ದಶಕದ ಕೊನೆಗೆ ಶುರು ಮಾಡಿದ ಅಂಬಾಸಿಡರ್, ಮೈಮಾಟ ಹೆಚ್ಚು ಬದಲಿಸದೆ ಅರ್ಧ ಶತಮಾನ ದಾಟಿತು. ಸಾಹೇಬರ ಗಾಡಿ ಅದೇ, ಮದುವೆ ಗಾಡಿ ಅದೇ, ಬಾಣಂತಿಯನ್ನು ಗುಲ್ಬರ್ಗಾ ದವಾಖಾನೆಗೆ ಒಯ್ಯುವ ಗಾಡಿಯೂ ಅದೇ. ರೂಪ ಬದಲಾಗದ್ದರಿಂದ ಒಂದರ ಬಾಗಿಲು ಇನ್ನೊಂದಕ್ಕೆ ಕೂಡುತ್ತಿತ್ತು. ಅಂತೆಯೇ ಮಿಸ್ತ್ರಿಗಳು ಯಾವುದನ್ನೂ ಎಸೆಯಲಿಲ್ಲ. “ಇರ್ಲಿ ಬಿಡೋ, ಯಾವತ್ತರ ಬರ್ತದ” ಎನ್ನುವುದು ಗ್ಯಾರೇಜಿನ ಧರ್ಮವೇ ಆಗಿತ್ತು.

ಮೇಲಿನ ಪದರು ಮಾರುತಿಯದು. ಮೊದಲ ಮಾರುತಿ 800 ಬೀಗದ ಕೈ ದಿಲ್ಲಿಯಲ್ಲಿ ಮಾಲೀಕನ ಕೈ ಸೇರಿದ್ದು 1983ರ ಡಿಸೆಂಬರ್ 14ಕ್ಕೆ. ಅದು ಬಂದ ಮೇಲೆ ಪಾನಾಗಳೂ ಬದಲಾದವು. ಜೀಪಿಗೆ, ಅಂಬಾಸಿಡರಿಗೆ ಇಂಚಿನ ಪಾನಾ ಬೇಕು. ಮಾರುತಿಗೆ ಮಿಲಿಮೀಟರಿನ ಹತ್ತು, ಹನ್ನೆರಡು, ಹದಿನಾಲ್ಕು. ಹಳೆ ಗ್ಯಾರೇಜುಗಳಲ್ಲಿ ಗೋಡೆಯ ಮೇಲೆ ಎರಡು ಸಾಲು ಪಾನಾ ತೂಗುವುದು ಈ ಕಾರಣಕ್ಕೆ. ವಿಚಿತ್ರವೆಂದರೆ ಹಳಬ, ಹೊಸಬ ಇಬ್ಬರೂ ಹೋದದ್ದು ಒಂದೇ ವರ್ಷ: 2014ರ ಜನವರಿಯಲ್ಲಿ ಮಾರುತಿ 800 ತಯಾರಿಕೆ ನಿಂತಿತು, ಅದೇ ಮೇ ತಿಂಗಳಲ್ಲಿ ಅಂಬಾಸಿಡರ್ ಕಾರ್ಖಾನೆಯೂ ನಿಂತಿತು. ಕಾರ್ಖಾನೆ ನಿಂತರೂ ರಸ್ತೆಯ ಮೇಲೆ ಗಾಡಿ ಉಳಿದಿರುತ್ತದೆ. ಹಳೆ ಸಾಮಾನಿನ ಗಿರಾಕಿಯೂ ಉಳಿದಿರುತ್ತಾನೆ.

2020ರ ಏಪ್ರಿಲ್ 1ರಿಂದ ದೇಶದಲ್ಲಿ ಮಾರುವ ಹೊಸ ಗಾಡಿಗಳೆಲ್ಲ ಬಿ.ಎಸ್. 6 ಆದವು. ಕಿವಿಗೊಟ್ಟು ಟ್ಯಾಪೆಟ್ ಸಪ್ಪಳ ಕೇಳಿ ರೋಗ ಹೇಳುತ್ತಿದ್ದ ಮಿಸ್ತ್ರಿಯ ಜಾಗಕ್ಕೆ ಸ್ಕ್ಯಾನರ್ ಹಿಡಿದ ಹುಡುಗ ಬಂದಿದ್ದಾನೆ. ಅವನ ತಪ್ಪಲ್ಲ ಬಿಡಿ. ಗಾಡಿಯೇ ಹಾಗೆ.

ಅಂದ ಹಾಗೆ, ಸಾಮಾನು ಗುಡ್ಡೆ ಹಾಕುವುದು ಈ ನೆಲಕ್ಕೆ ಹೊಸದೇನೂ ಅಲ್ಲ. ಹುಣಸಗಿ ಹತ್ತಿರದ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಅಗೆದು ತೋರಿಸಿದ್ದು ಆದಿಮಾನವರ ಕಲ್ಲಿನ ಆಯುಧಗಳ ಕಾರ್ಖಾನೆಯನ್ನು. ಸುಮಾರು 12 ಲಕ್ಷ ವರ್ಷ ಹಳೆಯದೆಂದು ಅದರ ಕಾಲವನ್ನು ಅಂದಾಜು ಮಾಡಿದ್ದಾರೆ. ಅಲ್ಲಿಯೂ ಮಾಡಿದ ಕೊಡಲಿ, ಅರ್ಧಕ್ಕೆ ಬಿಟ್ಟ ಕೊಡಲಿ, ಚೂರುಪಾರು ಎಲ್ಲ ಬಿದ್ದಲ್ಲೇ ಬಿದ್ದಿದ್ದವು. ಜಿಲ್ಲೆಯ ಮೊದಲ ಗ್ಯಾರೇಜು ಅದೇ ಎನ್ನಬೇಕು. ಅದನ್ನು ಯಾವ ಭಂಗಾರದವನೂ ಒಯ್ಯಲಿಲ್ಲವಾದ್ದರಿಂದ ವಿದ್ವಾಂಸರಿಗೆ ಸಿಕ್ಕಿತು!

ಯಾರ ಸಾಮಾನು, ಯಾರ ಗಾಡಿ?

ಮಾರುವ ಮೊದಲು ನೋಡಬೇಕಾದದ್ದು ಸಾಮಾನಿನ ಬೆಲೆಯನ್ನಲ್ಲ, ಅದು ಯಾರದು ಎಂಬುದನ್ನು. ಪ್ರತಿ ಹಳೆ ಗ್ಯಾರೇಜಿನ ಹಿತ್ತಲಲ್ಲೂ ಜಾಲಿ ಬೆಳೆದು ಮುಚ್ಚಿದ ಒಂದೆರಡು ಗಾಡಿ ಇದ್ದೇ ಇರುತ್ತವೆ. ಇಂಜಿನ್ ಇಳಿಸಲು ಬಿಟ್ಟು ಹೋದವರು, “ರೊಕ್ಕ ತರ್ತೀನ್ರಿ ಮಿಸ್ತ್ರಿ” ಎಂದವರು, ಮತ್ತೆ ತಿರುಗಿ ಬಂದಿರುವುದಿಲ್ಲ. ಹತ್ತು ವರ್ಷ ತನ್ನ ಜಾಗದಲ್ಲಿ ಬಿದ್ದಿರುವ ಗಾಡಿ ತನ್ನದೇ ಆಯಿತೆಂದು ಮಿಸ್ತ್ರಿ ತಿಳಿಯುವುದು ಸಹಜ. ಕಾಯ್ದೆ ಹಾಗೆ ತಿಳಿಯುವುದಿಲ್ಲ.

1872ರ ಕರಾರು ಕಾಯ್ದೆಯ 170ನೇ ಕಲಮಿನ ಪ್ರಕಾರ, ದುಡಿಮೆ ಮಾಡಿ ರಿಪೇರಿ ಮಾಡಿದವನು ತನ್ನ ಮಜೂರಿ ಸಲ್ಲುವ ತನಕ ಆ ಸಾಮಾನನ್ನು ತಡೆಹಿಡಿದು ಇಟ್ಟುಕೊಳ್ಳಬಹುದು. ಇಟ್ಟುಕೊಳ್ಳಬಹುದು, ಅಷ್ಟೇ. ತಾನೇ ಮಾರಿಕೊಳ್ಳುವ ಹಕ್ಕನ್ನು ಆ ಕಲಮು ಕೊಟ್ಟಿಲ್ಲ. ಗಿರವಿ ಹಿಡಿದವನಿಗೆ ತಕ್ಕ ನೋಟೀಸು ಕೊಟ್ಟು ಮಾರುವ ಹಕ್ಕು 176ನೇ ಕಲಮಿನಲ್ಲಿದೆ, ಗ್ಯಾರೇಜಿನವನಿಗೆ ಇಲ್ಲ. ಇದೆಂಥ ನ್ಯಾಯ ಎಂದು ಕೇಳುವವರಿದ್ದಾರೆ. ಕೇಳಬೇಕಾದ್ದೇ. ಆದರೂ ಇರುವ ಕಾಯ್ದೆ ಅದು. ಆದ್ದರಿಂದ ಆರ್.ಸಿ. ಪುಸ್ತಕದ ಮೇಲಿನ ವಿಳಾಸಕ್ಕೆ ಒಂದು ರಿಜಿಸ್ಟರ್ ಪತ್ರ ಹಾಕಬೇಕು, ಇಷ್ಟು ಬಾಕಿ ಇದೆ, ಇಷ್ಟು ದಿನದೊಳಗೆ ಬಂದು ಒಯ್ಯಿರಿ ಎಂದು. ಬಂದರೆ ಬಾಕಿ ಹಣವಾದರೂ ಸಿಕ್ಕೀತು. ಅಥವಾ ಮಾಲೀಕ “ನೀವೇ ಇಟ್ಕೋರಿ” ಎಂದು ಬರೆದು ಸಹಿ ಮಾಡಿ ಆರ್.ಸಿ. ಕೊಟ್ಟಾನು. ಬಾರದಿದ್ದರೆ ವಕೀಲರ ಹತ್ತಿರ ಹೋಗಬೇಕೇ ಹೊರತು ಭಂಗಾರದವನ ಹತ್ತಿರವಲ್ಲ.

ತನ್ನದೇ ಗಾಡಿಯನ್ನು ಬಿಚ್ಚಿ ಬಿಡಿಸಾಮಾನಾಗಿ ಮಾರುವವನಿಗೂ ಒಂದು ಕೆಲಸವಿದೆ. ಗಾಡಿ ನಾಶವಾದರೆ ಅಥವಾ ಶಾಶ್ವತವಾಗಿ ಉಪಯೋಗಕ್ಕೆ ಬಾರದಂತಾದರೆ ಹದಿನಾಲ್ಕು ದಿನದೊಳಗೆ, ಇಲ್ಲವೆ ಆದಷ್ಟು ಬೇಗ, ಆರ್.ಟಿ.ಓ. ಕಚೇರಿಗೆ ತಿಳಿಸಿ ಆರ್.ಸಿ. ಒಪ್ಪಿಸಬೇಕು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 55ನೇ ಕಲಮು. “ಗಾಡಿನೇ ಇಲ್ಲ, ಕಾಗದ ಯಾಕ” ಎಂದು ಬಿಟ್ಟವರು ಸಿಕ್ಕಿಬೀಳುವುದು, ಆ ನಂಬರು ಇನ್ನಾವುದೋ ಗಾಡಿಯ ಮೇಲೆ ಕೂತು ಎಲ್ಲೋ ತಿರುಗಿದಾಗ. ಹಳೆ ನಂಬರ್ ಪ್ಲೇಟನ್ನು ಕಿಲೋಗೆ ಹಾಕುವವರು ಮೊದಲು ಅದನ್ನು ಮಡಚಿ ಮುರಿದು ಹಾಕುವುದು ಲೇಸು.

ಇಡೀ ಗಾಡಿ, ಕಾಗದ ಪತ್ರ ಸಮೇತ ಇದ್ದರೆ ಇನ್ನೊಂದು ದಾರಿಯೂ ಉಂಟು. 2021ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಹಳೆ ಗಾಡಿ ಒಡೆಯುವ ಧೋರಣೆ ಪ್ರಕಟಿಸಿತು. ಸೆಪ್ಟೆಂಬರಿನಲ್ಲಿ ನೋಂದಾಯಿತ ಒಡೆಯುವ ಕೇಂದ್ರಗಳ ನಿಯಮ ಬಂತು. ಅಂಥ ಕೇಂದ್ರಕ್ಕೆ ಗಾಡಿ ಒಪ್ಪಿಸಿದರೆ ಒಂದು ಠೇವಣಿ ಪತ್ರ ಕೊಡುತ್ತಾರೆ. ಅದನ್ನು ತೋರಿಸಿ ಹೊಸ ಸ್ವಂತ ಗಾಡಿ ಕೊಂಡರೆ ರಸ್ತೆ ತೆರಿಗೆಯಲ್ಲಿ ಗರಿಷ್ಠ ಶೇಕಡಾ 25, ಬಾಡಿಗೆ ಗಾಡಿಗೆ ಗರಿಷ್ಠ ಶೇಕಡಾ 15ರ ತನಕ ರಿಯಾಯಿತಿ ಕೊಡಲು ಕೇಂದ್ರದ ನಿಯಮದಲ್ಲಿ ಅವಕಾಶವಿದೆ. ಹೊಸ ಗಾಡಿ ಕೊಳ್ಳುವವನಿಗೆ ಇದು ಲಾಭ. ಗ್ಯಾರೇಜು ಮುಚ್ಚುವ ಮುದುಕ ಮಿಸ್ತ್ರಿ ಯಾವ ಹೊಸ ಗಾಡಿ ಕೊಳ್ಳುತ್ತಾನೆ? ಅವನಿಗೆ ಬಿಡಿ ಬಿಡಿಯಾಗಿ ಮಾರುವುದೇ ಸರಿ.

ಬಿಡಿಸಾಮಾನು ಕೊಂಡು ಮಾರುವಲ್ಲಿ ಕಳವಿನ ಮಾಲಿನ ಭಯವೂ ಇದ್ದದ್ದೇ. ಕಳವಿನದೆಂದು ಗೊತ್ತಿದ್ದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಮಾಲು ಕೊಂಡವನು, ಇಟ್ಟುಕೊಂಡವನು ಅಪರಾಧಿ. ಹಿಂದೆ ಭಾರತೀಯ ದಂಡ ಸಂಹಿತೆಯ 411ನೇ ಕಲಮು ಎನ್ನುತ್ತಿದ್ದುದು 2024ರ ಜುಲೈ 1ರಿಂದ ನ್ಯಾಯ ಸಂಹಿತೆಯ 317ನೇ ಕಲಮಾಗಿದೆ. ನೂರು ಪುಟದ ಒಂದು ನೋಟುಬುಕ್ಕು ತಂದು ಯಾವ ಸಾಮಾನು, ಯಾವ ನಂಬರಿನ ಗಾಡಿಯದು, ಯಾರಿಗೆ ಕೊಟ್ಟದ್ದು, ಎಷ್ಟಕ್ಕೆ ಎಂದು ಬರೆದು ಸಹಿ ಹಾಕಿಸಿಕೊಂಡರೆ ಮಾರುವವನಿಗೂ ನೆಮ್ಮದಿ, ಕೊಳ್ಳುವವನಿಗೂ ನೆಮ್ಮದಿ. ಇಂಜಿನ್ ಬ್ಲಾಕ್ ಮಾರುವಾಗಲಂತೂ ಅದರ ಮೇಲಿನ ನಂಬರು ಬರೆದಿಡಲೇಬೇಕು.

ಮಿಸ್ತ್ರಿ ಕುರ್ಚಿ ಮೇಲೆ, ಹುಡುಗರು ರಾಶಿ ಮೇಲೆ

ಇನ್ನು ವಿಂಗಡಣೆ. ಮಿಸ್ತ್ರಿಯನ್ನು ಒಂದು ಕುರ್ಚಿ ಹಾಕಿ ಕೂಡಿಸಬೇಕು. ಕೈಯಲ್ಲಿ ಚಹಾ ಕೊಟ್ಟು, ಹುಡುಗರು ಒಂದೊಂದೇ ಸಾಮಾನು ಎತ್ತಿ ತೋರಿಸಬೇಕು. ಆತ ಹೇಳಿದ್ದನ್ನು ಸಾಲಿ ಕಲಿತ ಮಕ್ಕಳು ಚೀಟಿಯ ಮೇಲೆ ಬರೆದು ತಂತಿಯಿಂದ ಸಾಮಾನಿಗೆ ಕಟ್ಟಬೇಕು. ಎರಡು ದಿನದ ಕೆಲಸ. ಮಿಸ್ತ್ರಿ ತೀರಿಹೋದ ಮೇಲೆ ಗ್ಯಾರೇಜು ತೆಗೆಯುವ ಮನೆಗಳಲ್ಲಿ ನಷ್ಟವಾಗುವುದೇ ಇಲ್ಲಿ. ಹೆಸರು ಹೇಳುವವನೇ ಇರುವುದಿಲ್ಲ, ಗೇರ್‌ಬಾಕ್ಸೂ ಒಂದೇ ಗುಂಡುಕಲ್ಲೂ ಒಂದೇ ಆಗುತ್ತದೆ. ಅಂಥ ಮನೆಯವರು ಹಳೆಯ ಶಿಷ್ಯ ಒಬ್ಬನನ್ನು ಕರೆಸಿಕೊಳ್ಳಬೇಕು. ಪ್ರತಿ ಮಿಸ್ತ್ರಿಯ ಕೈಕೆಳಗೂ ಕಲಿತು ಹೋದ ನಾಲ್ಕು ಮಂದಿ ಮೂರು ಊರುಗಳಲ್ಲಿ ಇದ್ದೇ ಇರುತ್ತಾರೆ. ಉಸ್ತಾದನ ಮನೆಯ ಕೆಲಸ ಎಂದರೆ ಇಲ್ಲ ಎನ್ನುವವರು ಕಡಿಮೆ.

ಚಾಲೂ ಇದೆಯೋ ಇಲ್ಲವೋ ಎಂಬ ಪರೀಕ್ಷೆಗೆ ದೊಡ್ಡ ಯಂತ್ರ ಬೇಕಿಲ್ಲ. ಹನ್ನೆರಡು ವೋಲ್ಟಿನ ಬ್ಯಾಟರಿ, ಎರಡು ದಪ್ಪ ವಾಯರ್ ಇದ್ದರೆ ಸೆಲ್ಫ್ ತಿರುಗುತ್ತದೋ ಇಲ್ಲವೋ ತಿಳಿಯುತ್ತದೆ. ಹಾರಿ ಬೀಳದಂತೆ ಅದನ್ನು ವೈಸಿನಲ್ಲಿ ಬಿಗಿದಿರಬೇಕು. ರೇಡಿಯೇಟರಿನ ತಳ ಮುಚ್ಚಿ ನೀರು ತುಂಬಿಟ್ಟರೆ ಸೋರುವ ಜಾಗ ತಾನಾಗಿ ತೋರುತ್ತದೆ. ಗೇರ್‌ಬಾಕ್ಸಿನ ಎಣ್ಣೆ ಇಳಿಸಿ ಬೆರಳಿಗೆ ಹಚ್ಚಿ ನೋಡಿದರೆ ಹಿತ್ತಾಳೆ ಬಣ್ಣದ ಪುಡಿ ಹೊಳೆದೀತು. ಹೊಳೆದರೆ ಒಳಗಿನ ರಿಂಗು ಸವೆದಿದೆ ಎಂದರ್ಥ. ಕಾರ್ಬೊರೇಟರಿನ ಅಡ್ಡಕಡ್ಡಿ ಹಿಡಿದು ಅಲುಗಾಡಿಸಿದರೆ ಆಟ ಎಷ್ಟಿದೆ ಎಂದು ಕೈಗೇ ಗೊತ್ತಾಗುತ್ತದೆ. ಕ್ರ್ಯಾಂಕ್ ಶಾಫ್ಟನ್ನು ಮಾತ್ರ ಲೇತ್ ಅಂಗಡಿಗೆ ಒಯ್ದು ಅಳತೆ ಮಾಡಿಸಬೇಕು, ಎಷ್ಟು ಸಲ ಗ್ರೈಂಡ್ ಆಗಿದೆ ಎಂದು. ಇನ್ನೊಂದು ಸಲಕ್ಕೆ ಮಾಂಸ ಉಳಿದಿದ್ದರೆ ಬೆಲೆ ಇದೆ, ಇಲ್ಲದಿದ್ದರೆ ಕಬ್ಬಿಣ.

ಕೆಟ್ಟದ್ದನ್ನು ಚಾಲೂ ಎಂದು ಹೇಳಿ ಮಾರುವ ಚಾಳಿ ಕೆಲವರಿಗುಂಟು. ಊರು ಸಣ್ಣದು. ಬುಧವಾರ ಮಾರಿದ್ದು ಗುರುವಾರ ಮನೆ ಬಾಗಿಲಿಗೆ ಬರುತ್ತದೆ, ಜೊತೆಗೆ ನಾಲ್ಕು ಮಂದಿ ಹಿರಿಯರೂ ಬರುತ್ತಾರೆ.

ಕೊಳ್ಳುವವರು ಯಾರು? ಬರಿ ಕಾರಿನವರೇ ಎಂದು ತಿಳಿದರೆ ಅರ್ಧ ವ್ಯಾಪಾರ ಕೈ ತಪ್ಪಿತು. ಕಮಾನ್ ಪಾಟಾಕ್ಕೆ ಮೊದಲ ಗಿರಾಕಿ ಕಮ್ಮಾರ. ಸ್ಪ್ರಿಂಗಿನ ಆ ಉಕ್ಕಿಗೆ ಇಂಗಾಲದ ಅಂಶ ಹೆಚ್ಚು; ಕಾಯಿಸಿ ಬಡಿದು ಎಣ್ಣೆಯಲ್ಲಿ ಅದ್ದಿ ಹದ ಕೊಟ್ಟರೆ ಕುಡುಗೋಲು, ಕೊಡಲಿ, ಕುರ್ಪಿಯ ಬಾಯಿ ಬೇಗ ಮೊಂಡಾಗುವುದಿಲ್ಲ. ತೊಗರಿ ಕೊಯ್ಲಿಗೆ ಮೊದಲು ಇಂಥ ಪಾಟಾ ಹೊತ್ತು ಹೋದರೆ ಕುಲುಮೆಯ ಮುಂದೆಯೇ ರೊಕ್ಕ. ಗಾಲಿ ಸಮೇತ ಇರುವ ಹಿಂದಿನ ಎಕ್ಸೆಲ್ಲು ಸಣ್ಣ ಟ್ರೇಲರಿಗೆ, ಟೈರಿನ ಬಂಡಿಗೆ ಹೋಗುತ್ತದೆ. ನೀರಾವರಿ ಕಡೆಯ ಕ್ಯಾಂಪುಗಳಲ್ಲಿ, ನೆಲ್ಲಿನ ಗದ್ದೆಯವರಲ್ಲಿ ವಿಚಾರಿಸಬೇಕು. ಒಡೆದ ಇಂಜಿನ್ ಕೂಡ ಐ.ಟಿ.ಐ. ಹುಡುಗರಿಗೆ ಪಾಠಕ್ಕೆ ಬರುತ್ತದೆ, ಬಿಚ್ಚಿ ಕಲಿಯಲು ಹೊಸ ಇಂಜಿನ್ ಯಾರು ಕೊಡುತ್ತಾರೆ?

ಇನ್ನು ಶೋಕಿಯವರು. ಬೆಂಗಳೂರು, ಹೈದರಾಬಾದಿನ ಕಡೆ ಹಳೆ ಜೀಪು, ಅಂಬಾಸಿಡರ್‌ಗಳನ್ನು ಮೊದಲಿನಂತೆ ಮಾಡಿ ಮೆರೆಸುವ ಮಂದಿ ಇದ್ದಾರೆ. ಅವರಿಗೆ ಇಂಜಿನ್‌ಗಿಂತ ಹಳೆಯ ಮೀಟರು, ಮೂಲ ಸ್ಟೀರಿಂಗು, ಬಂಪರು, ಮೂತಿಯ ಜಾಲರಿ, ಬಾಗಿಲ ಹಿಡಿಕೆ ಬೇಕು. ಮಿಸ್ತ್ರಿ ಬೆಲೆಯೇ ಇಲ್ಲವೆಂದು ಹೊರಗೆ ಎಸೆದ ಗಾಜಿನ ಚೌಕಟ್ಟನ್ನು ಅವರು ಹತ್ತಿಯಲ್ಲಿ ಸುತ್ತಿ ಒಯ್ಯುತ್ತಾರೆ. ಇಂಥವರು ರಸ್ತೆಯಲ್ಲಿ ಸಿಗುವುದಿಲ್ಲ, ಫೋನಿನಲ್ಲಿ ಫೋಟೋ ಹಾಕಿದರೆ ಸಿಗುತ್ತಾರೆ. ಇಲ್ಲಿ ಬೆಂಗಳೂರಿನ ಮಗನ ಉಪಯೋಗ. ಎಣ್ಣೆ ಕೈ ಬೇಡವೆಂದವನಿಂದ ಇಷ್ಟಾದರೂ ಆಗಲಿ.

ಅಯಸ್ಕಾಂತ ಹಿಡಿದು ನಿಲ್ಲಿ

ಇದೆಲ್ಲ ಮುಗಿದ ಮೇಲೆ ಉಳಿಯುವುದು ನಿಜವಾದ ಭಂಗಾರ. ಅದೂ ಒಂದೇ ತೂಕಕ್ಕೆ ಹೋಗಬಾರದು. ಪತ್ರಾಸ್ ಬೇರೆ, ಬೀಡು ಕಬ್ಬಿಣ ಬೇರೆ, ಈ ಕಡೆ ‘ಜರ್ಮನ್’ ಎನ್ನುವ ಅಲ್ಯುಮಿನಿಯಂ ಬೇರೆ, ಹಿತ್ತಾಳೆ, ತಾಮ್ರ, ಸೀಸ ಬೇರೆ ಬೇರೆ. ಭಾವದಲ್ಲಿ ಕಬ್ಬಿಣಕ್ಕೂ ತಾಮ್ರಕ್ಕೂ ಎಷ್ಟೋ ಪಟ್ಟು ಅಂತರ. ಹಳೆ ಸ್ಪೀಕರ್ ಒಡೆದು ಅದರ ಅಯಸ್ಕಾಂತ ತೆಗೆದುಕೊಂಡು ನಿಂತರೆ ಸಾಕು: ಕಬ್ಬಿಣಕ್ಕೆ ಕಚ್ಚುತ್ತದೆ, ತಾಮ್ರ, ಹಿತ್ತಾಳೆ, ಜರ್ಮನ್‌ಗೆ ಕಚ್ಚುವುದಿಲ್ಲ. ಪಿಸ್ಟನ್ ಜರ್ಮನ್, ಹಳೆ ರೇಡಿಯೇಟರಿನ ಹೊಟ್ಟೆ ತಾಮ್ರ-ಹಿತ್ತಾಳೆ, ಕೆಟ್ಟ ಸೆಲ್ಫ್ ಮತ್ತು ಡೈನಮೋ ಒಳಗೆ ತಾಮ್ರದ ಸುರುಳಿ. ಇವನ್ನೆಲ್ಲ “ಕಬ್ಬಣದಾಗ ಹಾಕ್ರಿ” ಎಂದು ತೂಗಿಸಿಕೊಳ್ಳುವುದರಲ್ಲೇ ವ್ಯಾಪಾರಿಯ ದಿನದ ಲಾಭ ಇರುವುದು. ವ್ಯಾಪಾರಿಯೂ ಹೊಟ್ಟೆಪಾಡಿನವನೇ, ಅವನಿಗೆ ಲಾಭ ಬೇಡವೆಂದಲ್ಲ. ಆದರೆ ಕಾಂಟಾದ ಮೇಲೆ ತೂಕ-ಅಳತೆ ಇಲಾಖೆಯ ಮುದ್ರೆ ಇದೆಯೋ ಎಂದು ನೋಡುವ ಹಕ್ಕು ಮಾರುವವನಿಗಿದೆ.

ಈಚಿನ ಪೆಟ್ರೋಲ್ ಕಾರುಗಳ ಹೊಗೆ ಕೊಳವೆಯಲ್ಲಿ ಉಬ್ಬಿದ ಡಬ್ಬಿಯೊಂದಿರುತ್ತದೆ, ಒಳಗೆ ಜೇನುಗೂಡಿನಂಥ ಕಲ್ಲು. ಕೆಟಲಿಟಿಕ್ ಕನ್ವರ್ಟರ್ ಎನ್ನುತ್ತಾರೆ. ಆ ಕಲ್ಲಿನ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ದುಬಾರಿ ಲೋಹಗಳ ತೆಳು ಲೇಪವಿದೆ. ಇದನ್ನು ಹಳೆ ಸೈಲೆನ್ಸರ್ ಎಂದು ತೂಕಕ್ಕೆ ಹಾಕುವವರಿದ್ದಾರೆ. ಭಂಗಾರದಾಗ ಬಂಗಾರ ಎಂದರೆ ಇದೇ.

ತೆರಿಗೆಯ ಮಾತು ತೆಗೆದು ಭಾವ ಇಳಿಸುವವರೂ ಬರುತ್ತಾರೆ. ನೋಂದಣಿ ಇಲ್ಲದವನಿಂದ ನೋಂದಾಯಿತ ವ್ಯಾಪಾರಿ ಲೋಹದ ಗುಜರಿ ಕೊಂಡರೆ ಜಿ.ಎಸ್.ಟಿ. ಕಟ್ಟುವ ಹೊಣೆ ಕೊಂಡವನದೇ ಎಂದು 2024ರ ಅಕ್ಟೋಬರ್ 10ರಿಂದ ನಿಯಮವಾಗಿದೆ. ಅದು ಮಿಸ್ತ್ರಿಯ ತಲೆಗೆ ಬರುವುದಲ್ಲ.

ಮಾರಲೇಬಾರದ ಸಾಮಾನುಗಳೂ ಇವೆ. ಹಳೆ ಬ್ರೇಕ್ ಲೈನರ್ ಮತ್ತೊಬ್ಬರ ಗಾಡಿಗೆ ಹಾಕಲು ಕೊಡಬಾರದು. ಬ್ರೇಕ್ ಹೋಸು, ಸ್ಟೀರಿಂಗಿನ ಬಾಲ್ ಜಾಯಿಂಟು, ಸೀಟಿನ ಬೆಲ್ಟು ಕೂಡ ಹಾಗೆಯೇ. ನೂರು ರೂಪಾಯಿಯ ಆಸೆಗೆ ತಿಂಥಣಿ ಸೇತುವೆಯ ಇಳಿಜಾರಿನಲ್ಲಿ ಯಾರದೋ ಬ್ರೇಕ್ ಹತ್ತದಿದ್ದರೆ? ಹಳೆಯ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳನ್ನು ಗಾಳಿ ಪೈಪಿನಿಂದ ಊದುವ ರೂಢಿ ಶ್ವಾಸಕ್ಕೆ ಮಾರಿ. ಬ್ಯಾಟರಿಯನ್ನು ಮನೆಯಲ್ಲಿ ಒಡೆದು ಸೀಸ ಕರಗಿಸುವುದು ಅದಕ್ಕಿಂತ ಕೇಡು. ಸೀಸದ ಹೊಗೆ, ಧೂಳು ಮಕ್ಕಳ ಮಿದುಳಿಗೇ ತಟ್ಟುತ್ತದೆ. ಬ್ಯಾಟರಿ ಅಂಗಡಿಯವರು ಹಳೆಯದನ್ನು ತಾವೇ ತೆಗೆದುಕೊಳ್ಳುತ್ತಾರೆ, ಇಡಿಯಾಗಿಯೇ ಒಯ್ದು ಕೊಡಬೇಕು. ಸುಟ್ಟ ಇಂಜಿನ್ ಆಯಿಲನ್ನು ಗಟಾರಕ್ಕೆ ಸುರಿದರೆ ಅದು ಹೋಗಿ ಮುಟ್ಟುವುದು ಹಳ್ಳವನ್ನು, ಹಳ್ಳ ಮುಟ್ಟುವುದು ಭೀಮೆಯನ್ನೋ ಕೃಷ್ಣೆಯನ್ನೋ.

ಗ್ಯಾರೇಜು ತೆಗೆಯುವ ಸುದ್ದಿ ಹರಡಿದಾಗ ಮೊದಲು ಬರುವವರು ಹೆಚ್ಚಾಗಿ ಹಳೆ ಗಿರಾಕಿಗಳು. ಅವರಲ್ಲಿ ಅರ್ಧ ಮಂದಿಯ ಹೆಸರು ಉದ್ರಿ ವಹಿಯಲ್ಲಿ ಇರುತ್ತದೆ. “ಏನ್ ಮಿಸ್ತ್ರಿ ಚಾಚಾ, ಅಂಗಡಿ ತೆಗೀತೀರಂತ?” ಎಂದು ಕನಿಕರದಿಂದ ಬಂದವನ ಮುಂದೆ ವಹಿ ಬಿಚ್ಚುವುದಕ್ಕೆ ಸಂಕೋಚ. ಕಾಯ್ದೆಯ ಪ್ರಕಾರ ಮಜೂರಿಯ ಬಾಕಿಗೆ ದಾವೆ ಹಾಕಲು ಮೂರು ವರ್ಷ ಮಾತ್ರ ಅವಕಾಶ; ಆ ಅವಧಿ ಮುಗಿಯುವ ಮೊದಲೇ ಬಾಕಿದಾರ ಬಾಕಿ ಉಂಟೆಂದು ಬರೆದು ಸಹಿ ಮಾಡಿದ್ದರೆ ಅಂದಿನಿಂದ ಲೆಕ್ಕ ಹೊಸದು. ಮೂರು ವರ್ಷ ದಾಟಿದ ಉದ್ರಿಗೆ ಕೋರ್ಟಿಲ್ಲ, ಆದರೆ ಗೇರ್‌ಬಾಕ್ಸ್ ಬೇಕೆಂದು ಬಂದವನ ಹತ್ತಿರ “ಹಿಂದಿಂದೂ ಸೇರಿಸಿ ಕೊಡ್ರಿ ಸಾವಕಾರ್ರ” ಎನ್ನಲು ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ. ಬೇಕಾದ ಸಾಮಾನು ಕಣ್ಣೆದುರಿಗಿದ್ದಾಗ ಹಳೆ ಬಾಕಿ ಸಲ್ಲುವುದು ಉಂಟು.

ಪಾನಾ ಸೆಟ್ಟು, ಪುಲ್ಲರು, ವೈಸು, ಟಾರ್ಕ್ ರೆಂಚು ಇವನ್ನು ಸಾಮಾನಿನ ಜೊತೆ ಕಟ್ಟಿ ಕೊಡಬಾರದು. ಹೊಸದಾಗಿ ಗ್ಯಾರೇಜು ಇಡುವ ಹುಡುಗರು ಇವಕ್ಕೆ ಬೇರೆಯೇ ಬೆಲೆ ಕೊಡುತ್ತಾರೆ. ಸೂರಿನ ತೊಲೆಗೆ ತೂಗುಬಿದ್ದ ಚೈನ್ ಪುಲ್ಲಿಯನ್ನಂತೂ ಎಲ್ಲಕ್ಕೂ ಕೊನೆಗೆ ಇಳಿಸಬೇಕು. ಮೊದಲೇ ಮಾರಿದರೆ ಉಳಿದ ಇಂಜಿನ್‌ಗಳನ್ನು ಟೆಂಪೋಕ್ಕೆ ಎತ್ತಲು ಹಮಾಲರ ಮಜೂರಿ ಮಾರುವವನ ಮೇಲೇ ಬೀಳುತ್ತದೆ.